ಕೆರೆ ದಂಡೆಯ ಮನೆ, ಶಿವರಾತ್ರಿ ದಾಟಿದ ಮೇಲೆ

ಕಳೆದ ಸಂಚಿಕೆಯಲ್ಲಿ ನಮ್ಮ ಮನೆ ಹಿಂದಿನ ಕೆರೆಯ ಬಗ್ಗೆ ಸುಮ್ನೆ ಒಂದು ಪ್ಯಾರಾ ಬರೆದಿದ್ದೆ. ಅದಕ್ಕೇ ಇಷ್ಟು ಪತ್ರ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಕೆರೆಯದೇ. ಹೊಸದಾಗಿ ಓದುತ್ತಿರುವವರಿಗೆ ನನ್ನ ಪರಿಚಯ: ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ನಮ್ಮ ಮನೆಯವರು ಸಣ್ಣ ನೀರಾವರಿ ಇಲಾಖೆಯಲ್ಲಿದ್ದರು. ನಂಜನಗೂಡು ಕಡೆಯ ಒಂದು ಹಳ್ಳಿಯಲ್ಲಿ, ಕೆರೆಯ ಪಕ್ಕದ ದಿಣ್ಣೆಯ ಮೇಲೆ ನಮ್ಮ ಮನೆ. ಊರಿನ ಹೆಸರು ಕೇಳಿ ಬಹಳ ಜನ ಬರೆದಿದ್ದಾರೆ. ಹೇಳುವುದಿಲ್ಲ. ಹೇಳಿದರೆ ಭಾನುವಾರ ಏರಿಯ ಮೇಲೆ ಕಾರು ನಿಲ್ಲಿಸಲು ಜಾಗ ಇರುವುದಿಲ್ಲ.

ಪ್ರಶ್ನೆ: ಮೇಡಂ, ಬ್ಯಾಂಕಿನಿಂದ ನಿವೃತ್ತನಾಗಿ ಬೆಂಗಳೂರು ಬಿಟ್ಟು, ಹಾಸನ ಜಿಲ್ಲೆಯಲ್ಲಿ ಹೆಂಡತಿಯ ಊರಿನ ಕೆರೆ ಪಕ್ಕದ ಹಳೇ ಮನೆ ರಿಪೇರಿ ಮಾಡಿಸಿಕೊಂಡು ಬಂದಿದ್ದೇನೆ. ನೆಮ್ಮದಿ ಬೇಕು ಅಂತಲೇ ಬಂದಿದ್ದು. ಆದರೆ ಬೆಳಗ್ಗೆ ಐದೂವರೆಗೇ ಹಕ್ಕಿಗಳ ಗಲಾಟೆ. ಹತ್ತು ಗಂಟೆ ಮೇಲೆ ಏನೇನೂ ಇಲ್ಲ. ಮಕ್ಕಳು ಫೋನ್ ಮಾಡಿ ‘ಹೇಗಿದೆ ಅಪ್ಪಾ’ ಅಂದರೆ ‘ಬಹಳ ಚೆನ್ನಾಗಿದೆ’ ಅಂತ ಸುಳ್ಳು ಹೇಳುತ್ತಿದ್ದೇನೆ. ಇಲ್ಲಿ ದಿನ ಕಳೆಯುವುದು ಹೇಗೆ?

ಐದೂವರೆಯ ಗಲಾಟೆ ನಿಲ್ಲುವುದಿಲ್ಲ ಸಾರ್. ನೀವೇ ಎದ್ದುಬಿಡಿ. ಈಗಿನ ದಿನಗಳಲ್ಲಿ ಕೆರೆ ಮನೆಯ ಒಳ್ಳೆಯ ಹೊತ್ತು ಅಂದರೆ ಬೆಳಗಿನ ಆರರಿಂದ ಎಂಟೂವರೆ. ಅದನ್ನು ಹೊದ್ದು ಮಲಗಿ ಕಳೆದುಕೊಂಡು, ಆಮೇಲೆ ಹತ್ತು ಗಂಟೆಗೆ ಏನೂ ಇಲ್ಲ ಅಂದರೆ ಕೆರೆ ಏನು ಮಾಡಬೇಕು?

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಓಡಿಹೋಗುತ್ತದೆ ಅನ್ನುತ್ತಾರೆ. ಕೆರೆಯ ಹತ್ತಿರ ಅಷ್ಟು ಬೇಗ ಹೋಗುವುದಿಲ್ಲ. ಬೆಳಗಿನ ಜಾವ ಶಾಲು ಬೇಕೇ ಬೇಕು. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಅದರ ಮೇಲಿನ ಗಾಳಿಯೂ ತಣ್ಣಗಾಗುತ್ತದೆ. ನೀರು ಮಾತ್ರ ನಿನ್ನೆಯ ಬಿಸಿಲನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಬೆಚ್ಚಗಿನ ನೀರಿನಿಂದ ಏಳುವ ಆವಿ ತಣ್ಣನೆ ಗಾಳಿ ಸೋಕಿದ ಕೂಡಲೇ ಬೆಳ್ಳಗೆ ಕಾಣತೊಡಗುತ್ತದೆ. ಸೂರ್ಯ ಮರದೆತ್ತರಕ್ಕೆ ಬರುವಷ್ಟರಲ್ಲಿ ಅದು ಕರಗಿರುತ್ತದೆ. ಯುಗಾದಿ ಹತ್ತಿರವಾದ ಹಾಗೆ ರಾತ್ರಿಗಳೂ ಬೆಚ್ಚಗಾಗಿ ಈ ಮಂಜು ಅಪರೂಪವಾಗುತ್ತದೆ. ಅಂದರೆ ನಿಮಗೆ ಸಿಕ್ಕಿರುವುದು ಕೆಲವೇ ವಾರ.

ಒಂದು ಕುರ್ಚಿ ಹಾಕಿಕೊಳ್ಳಿ. ದಿನಾ ಒಂದೇ ಜಾಗದಲ್ಲಿ. ಕ್ಯಾಮೆರಾ ಕೊಳ್ಳಬೇಡಿ, ಕೊಂಡರೆ ಅದರ ಲೆನ್ಸಿನ ಚಿಂತೆಯೇ ಜಾಸ್ತಿ ಆಗುತ್ತದೆ. ಐವತ್ತು ಹಕ್ಕಿಯ ಹೆಸರು ಬಾಯಿಪಾಠ ಮಾಡುವ ಅಗತ್ಯವೂ ಇಲ್ಲ. ಒಂದೇ ಒಂದನ್ನು ಹಿಡಿದುಕೊಳ್ಳಿ. ನಾನಾದರೆ ಕೊಳದ ಬಕ ಹೇಳುತ್ತೇನೆ. ಎಲ್ಲ ಕೆರೆಯಲ್ಲೂ ಇರುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಚಳಿಗಾಲದಲ್ಲಿ ಕೆಸರಿನ ಬಣ್ಣದ ಗೀರುಗಳು, ದಂಡೆಯಲ್ಲಿ ಕುಳಿತರೆ ಕಾಣುವುದೇ ಇಲ್ಲ. ಬೇಸಿಗೆ ಬರುತ್ತಿದ್ದ ಹಾಗೆ ಅದರ ಬೆನ್ನಿಗೆ ಕಡು ಕೆಂಗಂದು ಬಣ್ಣ ಬರುತ್ತದೆ, ಇದು ಬೇರೆಯದೇ ಹಕ್ಕಿ ಅನ್ನಿಸುವಷ್ಟು. ಆ ಬದಲಾವಣೆ ಶುರುವಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಷ್ಟರಲ್ಲಿ ಉಳಿದವು ತಾವಾಗಿಯೇ ಪರಿಚಯ ಆಗಿರುತ್ತವೆ. ಜೊಂಡಿನೊಳಗೆ ಕೂಗಾಡುವ ನೇರಳೆ ಜಂಬುಕೋಳಿ, ನೋಡುನೋಡುತ್ತಲೇ ಮುಳುಗಿ ಇನ್ನೆಲ್ಲೋ ಏಳುವ ಗುಳುಮುಳುಕ, ರಾತ್ರಿ ಹಗಲು ಅನ್ನದೆ ಎಲ್ಲರ ಮೇಲೂ ಕಿರುಚುವ ಟಿಟ್ಟಿಭ. ನಿಮ್ಮ ಐದೂವರೆಯ ನಿದ್ದೆ ಕೆಡಿಸುತ್ತಿರುವುದು ಬಹುಶಃ ಇವಲ್ಲ, ಕೋಗಿಲೆ. ಗಂಡು ಈಗ ತಾನೇ ದನಿ ತೆಗೆಯುವ ಕಾಲ.

ಇನ್ನು ಹತ್ತು ಗಂಟೆ. ಆ ಹೊತ್ತಿಗೆ ಊರಿನಲ್ಲಿ ಏನೂ ಇಲ್ಲ ಅಂತ ನಿಮಗೆ ಅನ್ನಿಸಿದ್ದು ನೀವು ಮನೆಯೊಳಗಿದ್ದೀರಿ ಅಂತಷ್ಟೇ. ಇದು ಹುಣಸೆಹಣ್ಣಿನ ಕಾಲ. ಪ್ರತಿ ಜಗಲಿಯಲ್ಲೂ ಹಣ್ಣು ಕುಟ್ಟಿ ಓಡು ಬಿಡಿಸಿ, ನಾರು ಎಳೆದು, ಬೀಜ ತೆಗೆಯುತ್ತಾ ಕೂತಿರುತ್ತಾರೆ. ನಿಮ್ಮ ಮನೆಯವರ ಊರು ತಾನೇ? ಅವರ ಜೊತೆ ನೀವೂ ಹೋಗಿ ಕೂತುಕೊಳ್ಳಿ. ಕೈ ಅಂಟು, ಬಾಯಿ ಹುಳಿ, ಊರಿನ ಸುದ್ದಿ ಪೂರ್ತಿ. ಬ್ಯಾಂಕಿನವರು ಅಂತ ಗೊತ್ತಾದರೆ ಸಾಲದ ಫಾರಂ ಹಿಡಿದುಕೊಂಡು ಬರುತ್ತಾರೆ. ತುಂಬಿಕೊಡಿ. ಬೇಜಾರು ಅನ್ನುವ ಮಾತು ಆಮೇಲೆ ನಿಮ್ಮ ಬಾಯಲ್ಲಿ ಬರುವುದಿಲ್ಲ.

ಸಂಜೆ ಏರಿಯ ಮೇಲೆ ನಡೆಯಿರಿ. ತೂಬು ಎಲ್ಲಿದೆ, ಕೋಡಿ ಎಲ್ಲಿದೆ, ನೀರು ಯಾವ ಕಡೆಯಿಂದ ಬರುತ್ತದೆ ಅಂತ ನೀರುಗಂಟಿಯನ್ನೋ ಹಳಬರನ್ನೋ ಕೇಳಿ. ನಮ್ಮ ಮನೆಯವರು ನೀರಿನಂಚಿನಲ್ಲಿ ಒಂದು ಕೋಲು ನೆಟ್ಟು ವಾರಕ್ಕೊಮ್ಮೆ ಗೀರು ಹಾಕುತ್ತಾರೆ. ಇಲಾಖೆ ಬಿಟ್ಟರೂ ಚಟ ಬಿಟ್ಟಿಲ್ಲ. ತೂಬು ತೆರೆಯದೆ ಇದ್ದರೂ ಈಗಿನ ಬಿಸಿಲು ಗಾಳಿಗೆ ದಿನಕ್ಕೆ ಅರ್ಧ ಸೆಂಟಿಮೀಟರಿಗೂ ಮೇಲೆ ನೀರು ಆವಿಯಾಗಿ ಹೋಗುತ್ತದೆ. ತಿಂಗಳಿಗೆ ಹೆಚ್ಚುಕಡಿಮೆ ಒಂದು ಗೇಣು. ಕೋಲಿನ ಮೇಲೆ ಅದನ್ನು ಕಣ್ಣಾರೆ ನೋಡಿದ ಮೇಲೆ ನಾನು ಬಟ್ಟೆ ಒಗೆಯುವಾಗ ನಲ್ಲಿ ಬಿಟ್ಟುಕೊಂಡು ಮಾತಾಡುವುದು ಕಡಿಮೆಯಾಯಿತು.

ಊಟ ಆದ ಮೇಲೆ ಲೈಟ್ ಆರಿಸಿ ಒಂದು ಸಲ ಹೊರಗೆ ಬನ್ನಿ. ಎಂಟೂವರೆ ಹೊತ್ತಿಗೆ ನೆತ್ತಿಯ ಹತ್ತಿರ ಮಹಾವ್ಯಾಧ, ಅಂದರೆ ಸಾಲಾಗಿ ಮೂರು ನಕ್ಷತ್ರ. ತೆಂಕಣಕ್ಕೆ ತಿರುಗಿದರೆ ತಗ್ಗಿನಲ್ಲಿ ಒಂಟಿಯಾಗಿ ಹೊಳೆಯುವುದು ಅಗಸ್ತ್ಯ. ನಿಮ್ಮ ಕೆರೆ ಮನೆಯ ತೆಂಕಣಕ್ಕಿದ್ದು ಗಾಳಿ ನಿಂತಿದ್ದರೆ ಅಗಸ್ತ್ಯ ಎರಡು ಕಾಣುತ್ತದೆ. ಮಕ್ಕಳು ಫೋನ್ ಮಾಡಿದಾಗ ಇದನ್ನು ಹೇಳಿ.

ಪ್ರಶ್ನೆ: ಟೀಚರ್, ನಾನು ನಿಮ್ಮ ಹಳೇ ವಿದ್ಯಾರ್ಥಿ, ಈಗ ಬೆಂಗಳೂರಿನಲ್ಲಿ ಕೆಲಸ. ಯುಗಾದಿಗೆ ಊರಿಗೆ ಬಂದಾಗ ಮಕ್ಕಳಿಗೆ ನಂಜನಗೂಡು ಹತ್ತಿರದ ಹದಿನಾರು ಅನ್ನುವ ಊರಿನ ಕೆರೆಯ ಹೆಬ್ಬಾತು ತೋರಿಸಬೇಕು ಅಂತಿದ್ದೀನಿ. ಇರುತ್ತವಾ?

ಯುಗಾದಿಗೆ ಅಂದರೆ ತಡವಾಯಿತಪ್ಪ. ಪಟ್ಟೆತಲೆ ಹೆಬ್ಬಾತು ನವೆಂಬರ್ ಸುಮಾರಿಗೆ ಬಂದು, ಮಾರ್ಚ್ ಬರುತ್ತಿದ್ದ ಹಾಗೆ ಹೊರಡಲು ಶುರು ಮಾಡುತ್ತದೆ. ಒಂದೇ ದಿನ ಎಲ್ಲವೂ ಹೋಗುವುದಿಲ್ಲ. ಇವತ್ತು ಒಂದು ಗುಂಪು, ನಾಲ್ಕು ದಿನ ಬಿಟ್ಟು ಇನ್ನೊಂದು. ಸಾಧ್ಯವಾದರೆ ಈ ಭಾನುವಾರವೇ ಬಾ.

ಬಂದರೆ ಬೆಳಗ್ಗೆ ಎಂಟು ಎಂಟೂವರೆಗೆ ಕೆರೆ ಹತ್ತಿರ ಇರು. ಇವು ಹಗಲಿಡೀ ನೀರಿನಲ್ಲಿ, ದಂಡೆಯಲ್ಲಿ ಮಲಗಿ ಕಾಲ ಕಳೆಯುತ್ತವೆ. ಮೇಯುವುದೆಲ್ಲ ಹೆಚ್ಚಾಗಿ ರಾತ್ರಿ, ಸುತ್ತಮುತ್ತಲ ಹೊಲಗದ್ದೆಗಳಲ್ಲಿ. ಅದಕ್ಕೇ ರೈತರಿಗೆ ಇವುಗಳ ಮೇಲೆ ಸಿಟ್ಟು. ಸಿಟ್ಟು ನ್ಯಾಯವೇ. ಪೇಟೆಯಿಂದ ಬಂದು ‘ಎಷ್ಟು ಚೆಂದ’ ಅನ್ನುವವರ ಬೆಳೆ ಅಲ್ಲವಲ್ಲ ಅದು. ಗದಗ ಜಿಲ್ಲೆಯ ಮಾಗಡಿ ಕೆರೆಯ ಸುತ್ತಲೂ ಇದೇ ಕಥೆ. ಆ ಕೆರೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಕೆರೆ, ಜೌಗು ನೆಲಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು, ಒಳ್ಳೆಯದೇ. ಆದರೆ ಹಕ್ಕಿಗೆ ರಾತ್ರಿ ಊಟ ಹಾಕುತ್ತಿರುವವರು ಅಲ್ಲಿನ ರೈತರು ಅನ್ನುವುದನ್ನೂ ಬೋರ್ಡಿನಲ್ಲಿ ಬರೆಸಬೇಕು ಅಂತ ನನ್ನ ಅಭಿಪ್ರಾಯ.

ಮಕ್ಕಳಿಗೆ ಏನು ಹೇಳುವುದು ಅಂತ ಕೇಳಿಲ್ಲ ನೀನು, ಆದರೂ ಹೇಳುತ್ತೇನೆ. ಇವು ಮೊಟ್ಟೆಯಿಡುವುದು ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ. ಮಂಗೋಲಿಯಾದಲ್ಲಿ ಕತ್ತಿಗೆ ಗುರುತಿನ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡಿವೆ. ಇಲ್ಲಿಂದ ಹೋಗುವಾಗ ಹಿಮಾಲಯ ದಾಟಬೇಕು. ಮೇಲೆ ಗಾಳಿ ತೆಳು, ಆಮ್ಲಜನಕ ಕಡಿಮೆ. ಇವುಗಳ ರಕ್ತದ ಹಿಮೋಗ್ಲೋಬಿನ್ ಇತರ ಬಾತುಗಳಿಗಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ನೀನು ಹತ್ತನೇ ಕ್ಲಾಸಿನಲ್ಲಿ ಹಿಮೋಗ್ಲೋಬಿನ್ ಸ್ಪೆಲಿಂಗ್ ತಪ್ಪು ಬರೆಯುತ್ತಿದ್ದವನೇ ಆಗಿದ್ದರೆ, ಇದನ್ನು ಮಕ್ಕಳ ಮುಂದೆ ಹೇಳು, ಮರ್ಯಾದೆ ಉಳಿಯುತ್ತದೆ.

ಒಂದು ವೇಳೆ ಯುಗಾದಿಗೇ ಬರುವುದಾದರೆ ಹೆಬ್ಬಾತು ಬಿಡು. ಬರುವ ದಾರಿಯಲ್ಲಿ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬಾ. ಊರೊಳಗಿನ ಹುಣಸೆ ಮರಗಳ ಮೇಲೆಯೇ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳ ಗೂಡು, ಮರಿ ಎಲ್ಲ ಸಿಗುತ್ತವೆ. ಮರದ ಕೆಳಗೆ ನಿಲ್ಲುವಾಗ ಟೋಪಿ ಹಾಕಿಕೊಳ್ಳಿ. ಕಾರಣ ನಿಂತ ಮೇಲೆ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮ ತೋಟದ ಮನೆ ತಿಪಟೂರು ಕಡೆ ಕೆರೆಯ ಅಂಚಿನಲ್ಲಿದೆ. ಎದುರಿಗೆ ಆಳೆತ್ತರ ಜೊಂಡು ಬೆಳೆದು ನೀರೇ ಕಾಣುವುದಿಲ್ಲ. ಜೆಸಿಬಿ ತರಿಸಿ ಕಿತ್ತು ಹಾಕಿಸಿದರೆ ಜಗಲಿಯಲ್ಲಿ ಕೂತು ನೀರು ನೋಡಬಹುದು ಅಂತ ಯಜಮಾನರು. ಮಾಡಿಸಬಹುದಾ?

ಬೇಡ ತಾಯಿ. ಮೊದಲನೆಯದಾಗಿ ಅದು ನಿಮ್ಮ ಜಾಗ ಅಲ್ಲ, ಕೆರೆಯಂಗಳ. ಪಂಚಾಯಿತಿಯನ್ನು ಕೇಳದೆ ಅಲ್ಲಿ ಜೆಸಿಬಿ ಇಳಿಸಿದರೆ ಜಗಳ ನಿಮ್ಮ ಜಗಲಿಗೇ ಬರುತ್ತದೆ.

ಅದಿರಲಿ. ನೀವು ಬೆಳಗ್ಗೆ ಕೇಳುವ ಸದ್ದಿನಲ್ಲಿ ಬಹುಪಾಲು ಆ ಜೊಂಡಿನೊಳಗಿಂದಲೇ ಬರುತ್ತಿದೆ. ಜಂಬುಕೋಳಿ ಗೂಡು ಕಟ್ಟುವುದು ಅಲ್ಲಿ. ಸಣ್ಣ ಮೀನು ಬಚ್ಚಿಟ್ಟುಕೊಳ್ಳುವುದು ಅಲ್ಲಿ. ಬೆಳ್ಳಕ್ಕಿ ಅಂಚಿನಲ್ಲಿ ನಿಲ್ಲುವುದು ಆ ಮೀನಿಗಾಗಿ. ಊರಿನ ಬಚ್ಚಲು ನೀರು, ಹೊಲದ ಗೊಬ್ಬರದ ನೀರು ಕೆರೆಗೆ ಬರುವಾಗ ಅದರಲ್ಲಿನ ಸಾರವನ್ನು ಜೊಂಡು ಹೀರಿಕೊಳ್ಳುತ್ತದೆ, ಹೂಳನ್ನು ಅಂಚಿನಲ್ಲೇ ತಡೆಯುತ್ತದೆ. ಎಲ್ಲ ಕಿತ್ತರೆ ನೀರು ಕಾಣುತ್ತದೆ, ನಿಜ. ಆದರೆ ಕಾಣುವ ನೀರು ಹಸಿರು ಪಾಚಿಯದ್ದಾಗಬಹುದು. ಬೇರು ಹೋದ ದಂಡೆ ಮಳೆಗಾಲದ ಅಲೆಗೆ ಕುಸಿಯುವುದೂ ಉಂಟು.

ಜೊಂಡು ಅತಿಯಾದರೂ ಕಷ್ಟವೇ, ಒಪ್ಪುತ್ತೇನೆ. ಕೆರೆಯನ್ನೇ ನುಂಗಿಬಿಡುತ್ತದೆ. ಹಾಗಾಗಿ ಮಧ್ಯದ ದಾರಿ ಹೇಳುತ್ತೇನೆ. ಪಂಚಾಯಿತಿಯವರನ್ನು ಕೇಳಿ, ಮನೆಯ ನೇರಕ್ಕೆ ಒಂದು ಆಳು ನಡೆಯುವಷ್ಟು ಅಗಲಕ್ಕೆ ಕುಡುಗೋಲಿನಲ್ಲಿ ಕೊಯ್ಯಿಸಿ. ಕೊಯ್ಯಿಸುವ ಮುಂಚೆ ಗೂಡು ಇದೆಯಾ ನೋಡಿಸಿ. ಆ ಸಂದಿಯಲ್ಲಿ ಕಾಣುವ ಒಂದು ತುಂಡು ನೀರಿನಲ್ಲಿ ಹಕ್ಕಿ ಈ ಕಡೆಯಿಂದ ಆ ಕಡೆ ದಾಟುವುದನ್ನು ಕಾಯುತ್ತಾ ಕೂರುವುದರಲ್ಲಿ ಇರುವ ಮಜಾ ಪೂರ್ತಿ ಬಯಲಾದ ಕೆರೆಯಲ್ಲಿ ಇಲ್ಲ. ಯಜಮಾನರಿಗೆ ಇನ್ನೂ ನೀರು ಬೇಕೇ ಬೇಕು ಅಂದರೆ ಏರಿಯ ಮೇಲೆ ನಡೆಯಲು ಹೇಳಿ. ಸಕ್ಕರೆ ಕಾಯಿಲೆಗೂ ಒಳ್ಳೆಯದು.

ಪ್ರಶ್ನೆ: ಕೆರೆ ಪಕ್ಕದ ಮನೆ ಅಂದರೆ ಸೊಳ್ಳೆ, ಹಾವು. ನೀವು ಅದರ ಬಗ್ಗೆ ಯಾಕೆ ಬರೆಯುವುದಿಲ್ಲ? (ಮೈಸೂರಿನ ಓದುಗರೊಬ್ಬರ ಆಕ್ಷೇಪ)

ಬರೆಯುತ್ತೇನೆ ಸಾರ್. ಸಂಜೆ ದೀಪಕ್ಕೆ ಮುತ್ತಿಕೊಳ್ಳುವುದೆಲ್ಲ ಸೊಳ್ಳೆಯಲ್ಲ. ನೋಡಲು ಥೇಟ್ ಸೊಳ್ಳೆಯೇ, ಆದರೆ ಕಚ್ಚದ ಒಂದು ಹುಳ ಇದೆ. ಅದರ ಮರಿ ಕೆರೆಯ ಕೆಸರಿನಲ್ಲಿ ಬೆಳೆಯುತ್ತದೆ, ಮೀನಿಗೆ ಅದೇ ಊಟ. ಬೆಳ್ಳನೆ ಲೈಟ್ ತೆಗೆದು ಹಳದಿ ಲೈಟ್ ಹಾಕಿ, ಅರ್ಧಕ್ಕರ್ಧ ಕಾಟ ತಪ್ಪುತ್ತದೆ. ನಿಜವಾದ ಸೊಳ್ಳೆಗೆ ಗಾಳಿ ಆಡುವ, ಮೀನು ಇರುವ ತೆರೆದ ನೀರು ಅಷ್ಟು ಹಿಡಿಸುವುದಿಲ್ಲ. ಅದಕ್ಕೆ ಬೇಕಾಗಿರುವುದು ನಿಂತ ಚರಂಡಿ. ಡೆಂಗ್ಯೂ ತರುವ ಸೊಳ್ಳೆಗಂತೂ ನಿಮ್ಮ ಮನೆಯ ಮುಚ್ಚದ ಡ್ರಮ್ಮು, ಹಿತ್ತಲಲ್ಲಿ ಬಿದ್ದ ತೆಂಗಿನ ಚಿಪ್ಪು ಸಾಕು. ಕೆರೆಯನ್ನು ಬೈಯುವ ಮುಂಚೆ ಹಿತ್ತಲು ನೋಡಿ. ಕಿಟಕಿಗೆ ಜಾಲರಿ ಹಾಕಿಸಿ. ಬೇವಿನ ಸೊಪ್ಪಿನ ಹೊಗೆಗೆ ಸೊಳ್ಳೆಗಿಂತ ಮೊದಲು ನಾನೇ ಹೊರಗೆ ಓಡುತ್ತೇನೆ.

ಹಾವು ಇದೆ. ನೀರಿನಲ್ಲಿ ತಲೆಯೆತ್ತಿ ಈಜುವುದು ಸಾಮಾನ್ಯವಾಗಿ ನೀರೊಳ್ಳೆ. ವಿಷವಿಲ್ಲ, ಮುಟ್ಟಲು ಹೋದರೆ ಮಾತ್ರ ಜೋರಾಗಿ ಕಚ್ಚುತ್ತದೆ. ಹೆದರಬೇಕಾದ್ದು ನಾಗರ, ಕೊಳಕುಮಂಡಲ. ಬೇಸಿಗೆ ಶುರುವಾದ ಹಾಗೆ ರಾತ್ರಿ ಓಡಾಟ ಹೆಚ್ಚು. ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಅಂಗಳಕ್ಕೆ ಇಳಿಯಬೇಡಿ. ಸೌದೆಯ ರಾಶಿಯನ್ನು ಮನೆಗೋಡೆಗೆ ಒತ್ತಿ ಇಡಬೇಡಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕುಯ್ಯುವುದು, ನಾಟಿ ಔಷಧಿಗೆ ಓಡುವುದು ಯಾವುದೂ ಬೇಡ. ಅಲುಗಾಡಿಸದೆ ನೇರ ಆಸ್ಪತ್ರೆಗೆ. ಯಾವ ಆಸ್ಪತ್ರೆಯಲ್ಲಿ ವಿಷದ ಮದ್ದು ಇರುತ್ತದೆ ಅಂತ ಈಗಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ಮಂಡ್ಯ ಜಿಲ್ಲೆಯ ನಮ್ಮೂರ ಕೆರೆಯಲ್ಲಿ ಬೆಳಗಿನ ಜಾವ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿವೆ. ಯಾರೋ ವಿಷ ಹಾಕಿದ್ದಾರೆ ಅಂತ ಊರಿನಲ್ಲಿ ಗುಲ್ಲು. ನಿಜವಿರಬಹುದಾ?

ಎಷ್ಟು ಹೊತ್ತಿಗೆ ಕೆಳಗೆ ಇಳಿಯುತ್ತವೆ ನೋಡಿ. ಬಿಸಿಲೇರಿ ಒಂಬತ್ತು ಗಂಟೆ ಹೊತ್ತಿಗೆ ಮಾಮೂಲಿನಂತೆ ಆದರೆ, ಅದು ವಿಷ ಅಲ್ಲ, ಉಸಿರಿನ ಕಷ್ಟ. ಹಗಲು ಪಾಚಿ, ಜಲಸಸ್ಯಗಳು ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತವೆ. ರಾತ್ರಿ ಆ ಕೆಲಸ ಬಂದ್. ಆದರೆ ಪಾಚಿಯೂ ಸೇರಿ ಎಲ್ಲವೂ ಉಸಿರಾಡುತ್ತಲೇ ಇರುತ್ತವೆ. ಹೀಗಾಗಿ ಸೂರ್ಯ ಹುಟ್ಟುವ ಮುಂಚೆ ನೀರಿನಲ್ಲಿ ಆಮ್ಲಜನಕ ಎಲ್ಲಕ್ಕಿಂತ ಕಡಿಮೆ. ಈಗ ನೀರು ಬೇರೆ ಇಳಿಯುತ್ತಿದೆ, ಬೆಚ್ಚಗಾಗುತ್ತಿದೆ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕರಗುವುದೇ ಕಮ್ಮಿ. ಚರಂಡಿ ಸೇರುತ್ತಿದ್ದರಂತೂ ಕೇಳುವುದೇ ಬೇಡ.

ಮಧ್ಯಾಹ್ನವೂ ಸಾಯುತ್ತಿದ್ದರೆ, ಮೀನಿನ ಜೊತೆ ಕಪ್ಪೆ, ಏಡಿಯೂ ಸತ್ತು ಬಿದ್ದಿದ್ದರೆ ಅದು ಬೇರೆ. ಆಗ ದನಕರುಗಳನ್ನು ನೀರಿಗೆ ಬಿಡದೆ, ಮೀನುಗಾರಿಕೆ ಇಲಾಖೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ತಿಳಿಸಿ ನೀರಿನ ಪರೀಕ್ಷೆ ಮಾಡಿಸಿ. ಕೆರೆಯ ಮೀನು ಗುತ್ತಿಗೆ ಹಿಡಿದವರಿಗೆ ಇಂದೇ ಸುದ್ದಿ ಮುಟ್ಟಿಸಿ. ಊರಿನಲ್ಲಿ ಯಾರ ಮೇಲೂ ಬೆರಳು ತೋರಿಸುವ ಮುಂಚೆ ಒಂದು ವಾರ ಬೆಳಗ್ಗೆ ಐದಕ್ಕೆ ಎದ್ದು ನೋಡಲಿ.

ಪ್ರಶ್ನೆ: ‘ಲೇಕ್ ವ್ಯೂ’ ಸೈಟ್ ಅಂತ ಒಂದು ಬಡಾವಣೆಯಲ್ಲಿ ತೋರಿಸುತ್ತಿದ್ದಾರೆ. ನಿಮ್ಮ ಬರಹ ಓದಿದ ಮೇಲೆ ತಗೊಳ್ಳೋಣ ಅನ್ನಿಸಿದೆ. ಏನು ನೋಡಬೇಕು?

ನನ್ನ ಬರಹ ಓದಿ ಸೈಟ್ ಕೊಳ್ಳಬೇಡಿ, ದಯವಿಟ್ಟು. ಸೈಟ್ ತೋರಿಸಲು ಫೆಬ್ರುವರಿ, ಮಾರ್ಚಿನಲ್ಲೇ ಕರೆಯುತ್ತಾರೆ, ಗಮನಿಸಿದ್ದೀರಾ? ನೀರು ಸ್ವಲ್ಪ ಹಿಂದೆ ಸರಿದಿರುತ್ತದೆ, ನೆಲ ಒಣಗಿರುತ್ತದೆ, ಗಾಳಿ ತಂಪು, ಮುತ್ತುಗದ ಮರ ಕೆಂಪಗೆ ಹೂ ಬಿಟ್ಟಿರುತ್ತದೆ. ಯಾರಿಗಾದರೂ ಮನಸ್ಸಾಗುತ್ತದೆ. ಅದೇ ಸೈಟನ್ನು ಅಕ್ಟೋಬರಿನಲ್ಲಿ ಹೋಗಿ ನೋಡಿ. ಅದಕ್ಕೂ ಮುಂಚೆ ಊರಿನ ಹಳಬರೊಬ್ಬರನ್ನು ಹಿಡಿದು ಒಂದೇ ಪ್ರಶ್ನೆ ಕೇಳಿ: ಕೋಡಿ ಬಿದ್ದ ವರ್ಷ ನೀರು ಎಲ್ಲಿವರೆಗೆ ಬಂದಿತ್ತು? ಅವರು ನಡೆದುಕೊಂಡು ಬಂದು ಕಾಲಲ್ಲಿ ಗೀರು ಹಾಕಿ ತೋರಿಸುತ್ತಾರೆ. ಆ ಗೀರಿನ ಒಳಗೆ ನಿಮ್ಮ ಅಡುಗೆಮನೆ ಇದ್ದರೆ ವಾಪಸ್ ಬನ್ನಿ.

ಕಾಗದದ ವಿಷಯ ನಮ್ಮ ಮನೆಯವರನ್ನು ಕೇಳಿ ಬರೆಯುತ್ತಿದ್ದೇನೆ. ಗ್ರಾಮ ನಕ್ಷೆ ತೆಗೆಸಿ, ಕೆರೆಯ ಗಡಿ ಎಲ್ಲಿದೆ ಅಂತ ಸರ್ವೆಯವರಿಂದ ಅಳೆಸಿ. ಪಹಣಿಯಲ್ಲಿ ‘ಬಿ ಖರಾಬು’ ಎಂದು ಇದ್ದರೆ ಅದು ಸಾರ್ವಜನಿಕ ಜಾಗ, ರಾಜಕಾಲುವೆ, ಹಳ್ಳ, ದಾರಿ ಹೀಗೆ. ಮಾರಲು ಯಾರಿಗೂ ಹಕ್ಕಿಲ್ಲ. ಕೆರೆಯ ಗಡಿಯಿಂದ ಇಷ್ಟು ದೂರದೊಳಗೆ ಕಟ್ಟಬಾರದು ಅನ್ನುವ ನಿಯಮವಿದೆ. ನಿಮ್ಮ ಕೆರೆಗೆ ಈಗ ಆ ದೂರ ಎಷ್ಟು ಅನ್ನುವುದನ್ನು ಯೋಜನಾ ಪ್ರಾಧಿಕಾರದಿಂದ ಬರಹದಲ್ಲಿ ಪಡೆಯಿರಿ, ಮಾರುವವರ ಬಾಯಿಮಾತು ಬೇಡ. ಕೆರೆಗೆ ನೀರು ತರುವ ಹಳ್ಳಗಳ ಮೇಲೆ ಬಡಾವಣೆ ಎದ್ದಿದ್ದರೆ, ಇನ್ನು ಕೆಲವು ವರ್ಷದಲ್ಲಿ ‘ವ್ಯೂ’ ಇರುತ್ತದೆ, ‘ಲೇಕ್’ ಇರುವುದಿಲ್ಲ.

ನನಗೇನೋ ಕೆರೆಯಿಂದ ಹತ್ತು ನಿಮಿಷ ನಡೆಯುವಷ್ಟು ದೂರದಲ್ಲಿ ಮನೆ ಇರುವುದು ಎಲ್ಲಕ್ಕಿಂತ ಚೆನ್ನ ಅನ್ನಿಸುತ್ತದೆ. ನಡೆದುಕೊಂಡು ಹೋಗುವ ನೆಪ ಇರುತ್ತದೆ.

ಪ್ರಶ್ನೆ: ಅಕ್ಕ, ನಾವಿರುವುದು ಅಮೆರಿಕದ ಮಿನೆಸೋಟದಲ್ಲಿ. ಮನೆ ಹಿಂದೆಯೇ ಸರೋವರ. ಯುಗಾದಿ ದಿನವೂ ಅದು ಐಸ್ ಆಗಿಯೇ ಇರುತ್ತದೆ. ವಸಂತ ಅಂತ ಹೋಳಿಗೆ ಮಾಡಿ ಕಿಟಕಿಯಲ್ಲಿ ನೋಡಿದರೆ ಬಿಳೀ ಬಯಲು. ನಿಮ್ಮ ಹಾಗೆ ಕೆರೆ ದಂಡೆಯ ವಸಂತವನ್ನು ನಾವು ಹೇಗೆ ಅನುಭವಿಸುವುದು?

ತಂಗಿ, ನಿಮ್ಮ ಪತ್ರ ಓದಿ ನನಗೆ ಹೊಟ್ಟೆಕಿಚ್ಚಾಯಿತು. ನಾನು ವರ್ಷಗಟ್ಟಲೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದು ನಿಮ್ಮ ಹಿತ್ತಲಲ್ಲಿ ನಡೆಯುತ್ತಿದೆ.

ನೀರು ಎಲ್ಲಕ್ಕಿಂತ ಭಾರವಾಗಿರುವುದು ನಾಲ್ಕು ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ತಣ್ಣಗಾದರೆ ಹಗುರವಾಗುತ್ತದೆ, ಐಸ್ ಇನ್ನೂ ಹಗುರ. ಅದಕ್ಕೇ ಐಸ್ ಮೇಲೆ ತೇಲುತ್ತದೆ, ತಳದಲ್ಲಿ ನಾಲ್ಕು ಡಿಗ್ರಿಯ ನೀರಿನಲ್ಲಿ ಮೀನು ಚಳಿಗಾಲ ಕಳೆಯುತ್ತದೆ. ವಸಂತದಲ್ಲಿ ಐಸ್ ಕರಗಿ ಮೇಲಿನ ನೀರೂ ನಾಲ್ಕು ಡಿಗ್ರಿಗೆ ಬಂದಾಗ ಮೇಲೆ ಕೆಳಗೆ ಅನ್ನುವ ಭೇದ ಹೋಗುತ್ತದೆ. ಆಗ ಬೀಸುವ ಗಾಳಿಗೆ ಇಡೀ ಸರೋವರ ತಳದವರೆಗೆ ಕಲಕಿಕೊಳ್ಳುತ್ತದೆ. ಮೇಲಿನ ಆಮ್ಲಜನಕ ಅಡಿಗೆ, ಅಡಿಯ ಸಾರ ಮೇಲಕ್ಕೆ. ನಮ್ಮ ಕೆರೆಗಳಿಗೆ ಈ ಭಾಗ್ಯವಿಲ್ಲ. ಅವು ನಾಲ್ಕು ಡಿಗ್ರಿ ಕಂಡೇ ಇಲ್ಲ.

ಐಸ್ ಹೋಗುವ ದಿನವನ್ನು ನಿಮ್ಮ ಕಡೆ ಜನ ಬರೆದಿಡುತ್ತಾರೆ, ಅಲ್ವಾ? ನೀವೂ ಬರೆದಿಡಿ. ಬಹುಶಃ ಏಪ್ರಿಲ್ ಬರಬೇಕು. ಬಿಳಿ ಐಸ್ ಮೊದಲು ಬೂದು, ಆಮೇಲೆ ಕಪ್ಪಾಗುತ್ತದೆ, ದಂಡೆಯಿಂದ ಬಿಟ್ಟುಕೊಳ್ಳುತ್ತದೆ. ಆ ಹೊತ್ತಿನಲ್ಲಿ ದಪ್ಪವಾಗಿ ಕಂಡರೂ ಒಳಗೆ ಪೊಳ್ಳು. ಮಕ್ಕಳನ್ನು ಅದರ ಮೇಲೆ ಕಾಲಿಡಲು ಬಿಡಬೇಡಿ. ನೀರು ತೆರೆದ ಕೂಡಲೇ ಲೂನ್ ಬರುತ್ತದೆ. ನಿಮ್ಮ ರಾಜ್ಯದ ಹಕ್ಕಿ ಅದು, ಕಪ್ಪು ಬಿಳಿ ಚುಕ್ಕಿಯದು, ರಾತ್ರಿ ಕೂಗಿದರೆ ಮೈ ಜುಮ್ಮೆನ್ನುತ್ತದಂತೆ.

ಅಲ್ಲಿಯವರೆಗೂ ಕಾಯಬೇಕಿಲ್ಲ. ಸರೋವರದ ಅಂಚಿನಲ್ಲಿ ಹೋದ ವರ್ಷದ ಒಣಗಿದ ಜೊಂಡು ನಿಂತಿರುತ್ತದೆ ನೋಡಿ. ನಮ್ಮ ಕೆರೆಯ ಜೊಂಡಿನ ಬಳಗವೇ. ಮಾರ್ಚಿನಲ್ಲಿ ಅದರ ತುದಿಗೆ ಹೆಗಲ ಮೇಲೆ ಕೆಂಪು ಪಟ್ಟಿಯಿರುವ ಕಪ್ಪು ಹಕ್ಕಿ ಬಂದು ಕೂರುತ್ತದೆ. ಗಂಡು ಮೊದಲು ಬಂದು ಜಾಗ ಹಿಡಿಯುತ್ತದೆ, ಹೆಣ್ಣು ಆಮೇಲೆ. ಕೆಳಗೆ ಇನ್ನೂ ಐಸ್ ಇದ್ದರೂ ಅದು ಕೂಗುತ್ತಿರುತ್ತದೆ. ಹೋಳಿಗೆ ತಟ್ಟುವಾಗ ಕಿಟಕಿ ಸ್ವಲ್ಪ ತೆರೆದಿಡಿ, ಕೇಳಿಸುತ್ತದೆ.

ಪ್ರಶ್ನೆ: ಕೆರೆ ಗಾಳಿಗೆ ಸಂಡಿಗೆ ಒಣಗುವುದಿಲ್ಲ ಅಂತ ನಮ್ಮ ಅತ್ತೆ. ಒಣಗುತ್ತದೆ ಅಂತ ನಾನು. ನೀವೇ ತೀರ್ಮಾನ ಹೇಳಿ. (ಚಾಮರಾಜನಗರದಿಂದ)

ಇಬ್ಬರ ಮನೆಯಲ್ಲೂ ನನಗೆ ಊಟ ಬೇಕಾಗಿರುವುದರಿಂದ ಇಬ್ಬರೂ ಸರಿ ಅನ್ನುತ್ತೇನೆ. ಬೆಳಗ್ಗೆ ಎಂಟಕ್ಕೇ ಇಟ್ಟರೆ ಅತ್ತೆ ಗೆಲ್ಲುತ್ತಾರೆ. ಕೆರೆ ಪಕ್ಕ ಇಬ್ಬನಿ ಜಾಸ್ತಿ, ಚಾಪೆಯೇ ಒದ್ದೆ. ಒಂಬತ್ತೂವರೆ ಮೇಲೆ, ಇಬ್ಬನಿ ಆರಿದ ನಂತರ, ನೀರಿನ ಕಡೆಯ ಅಂಗಳ ಬಿಟ್ಟು ಮಾಳಿಗೆಯ ಮೇಲೆ ಇಟ್ಟರೆ ನೀವು ಗೆಲ್ಲುತ್ತೀರಿ. ಈ ತಿಂಗಳ ಮಧ್ಯಾಹ್ನದ ಒಣ ಗಾಳಿಗೆ ಸಬ್ಬಕ್ಕಿ ಸಂಡಿಗೆ ಎರಡು ಮೂರು ದಿನಕ್ಕೆ ಗರಿಗರಿ. ಸಂಜೆ ನಾಲ್ಕೂವರೆಗೇ ಒಳಗೆ ತನ್ನಿ. ಹೊರಗೇ ಬಿಟ್ಟರೆ ರಾತ್ರಿಯ ತೇವ ಹೀರಿಕೊಂಡು ಮಾರನೇ ದಿನ ಮೊದಲಿನಿಂದ ಶುರು.

ಕಾಗೆ ಕಾಯಲು ಕೂರುವವರು ಕೆರೆಗೆ ಮುಖ ಮಾಡಿ ಕೂರಬೇಡಿ. ನಮ್ಮ ಮನೆಯಲ್ಲಿ ಒಂದು ಚಾಪೆ ಅರಳು ಸಂಡಿಗೆ ಹೋಗಿದ್ದು ಹಾಗೆ. ಕಾಯುತ್ತಿದ್ದ ನಮ್ಮ ಮನೆಯವರು ಮಿಂಚುಳ್ಳಿ ನೋಡುತ್ತಿದ್ದರಂತೆ.